ನೀರು ಸಮ ಆಗುವವರೆಗೂ

ಅಪ್ಪ ದೋಣಿಯಿಂದ ಇಳಿದು ಲಾಕಿನ ಅಂಚಿಗೆ ಹೋಗಿ ನಿಂತರು. ಲಾಕ್ ಅಂದರೆ ಹೊಳೆಯಲ್ಲಿ ದೋಣಿಯನ್ನು ಮೇಲಕ್ಕೆ ಏರಿಸಲು, ಕೆಳಕ್ಕೆ ಇಳಿಸಲು ಎರಡು ಗೇಟುಗಳ ನಡುವೆ ಕಟ್ಟಿದ ನೀರಿನ ತೊಟ್ಟಿ. ಊರಲ್ಲಿ ನಾಲೆ ಏರಿ ಮೇಲೆ ನಿಲ್ಲುತ್ತಿದ್ದರಲ್ಲ, ಅದೇ ನಿಲುವು. ಎರಡೂ ಕೈ ಬೆನ್ನ ಹಿಂದೆ, ಕಣ್ಣು ನೀರಿನ ಮೇಲೆ. ಕೆಳಗಿನ ಗೇಟು ನೋಡಿದರು. ಮೇಲಿನ ಗೇಟು ನೋಡಿದರು. ನೀರು ಎಲ್ಲಿವರೆಗೆ ಏರಿ ಇಳಿಯುತ್ತದೆ ಅಂತ ತೋರಿಸುವ ಪಾಚಿಯ ಗೆರೆಯನ್ನು ಗೋಡೆಯ ಮೇಲೆ ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನಮ್ ತೂಬೇ ಕಣವ್ವ. ಒಂದಿರೋ ಕಡೆ ಎರಡು ಮಡಗವ್ರೆ, ಅಷ್ಟೆಯ. ಮಧ್ಯಕ್ಕೆ ದೋಣಿ ಬುಟ್ಟವ್ರೆ."

ನಾನು ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿನ ನದಿಗಳಲ್ಲಿ ದೋಣಿಗಳು ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹತ್ತುತ್ತವೆ ಅಂತ ಊರಿನವರಿಗೆ ಫೋನಿನಲ್ಲಿ ಎಷ್ಟೋ ಸಲ ಹೇಳಲು ಹೋಗಿದ್ದೇನೆ. ಯಾರಿಗೂ ಅರ್ಥ ಆಗುವ ಹಾಗೆ ಹೇಳಲು ಆಗಿರಲಿಲ್ಲ. ಅಪ್ಪ ಎರಡು ಮಾತಲ್ಲಿ ಮುಗಿಸಿಬಿಟ್ಟರು.

ಅದು ಕಿಂಗ್ಸ್ ಲಾಕ್. ಥೇಮ್ಸ್ ನದಿಯಲ್ಲಿ ಆಕ್ಸ್‌ಫರ್ಡ್ ದಾಟಿ ಮೇಲಕ್ಕೆ ಹೋಗುವಾಗ, ಕೈಯಿಂದಲೇ ತೆರೆದು ಮುಚ್ಚಬೇಕಾದ ಮೊದಲ ಲಾಕ್ ಇದು. ಇದರ ಕೆಳಗೆ, ಲಂಡನ್ ಕಡೆಗೆ, ಲಾಕುಗಳಿಗೆ ಯಂತ್ರ ಇದೆ, ಬಟನ್ ಒತ್ತಿದರೆ ಸಾಕು. ಇಲ್ಲಿಂದ ಮೇಲೆ ನಮ್ಮ ತೋಳೇ ಯಂತ್ರ. ಜುಲೈ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆ ದಾಟಿತ್ತು. ಬಿಸಿಲು ಚೆನ್ನಾಗಿತ್ತು. ಆದರೂ ಅಪ್ಪ ಸ್ವೆಟರ್ ಬಿಚ್ಚಿರಲಿಲ್ಲ.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನ ಮೇಲೆ ಮೂವತ್ತು ವರ್ಷ ನೀರುಗಂಟಿಯಾಗಿದ್ದವರು ಅವರು. ಕೆ.ಆರ್.ಎಸ್.ನಿಂದ ಬಿಟ್ಟ ನೀರು ನಮ್ಮ ಕಡೆಗೆ ಬಂದಾಗ ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು, ಯಾವಾಗ ಮುಚ್ಚಬೇಕು, ಅದೆಲ್ಲಾ ಅವರ ಕೆಲಸ. ನಾನು ಚಿಕ್ಕವಳಿದ್ದಾಗ ಅವರು ಟಾರ್ಚ್ ಹಿಡಿದು ರಾತ್ರಿ ಎರಡು ಗಂಟೆಗೆ ಎದ್ದು ಹೋಗುತ್ತಿದ್ದದ್ದು ನೆನಪಿದೆ. ಕೊನೆಯ ಗದ್ದೆಗೆ ನೀರು ಹೋಗಲಿಲ್ಲ ಅಂದರೆ ಜಗಳ ನಮ್ಮ ಮನೆ ಬಾಗಿಲಿಗೇ ಬರುತ್ತಿತ್ತು. ನೀರು ನೋಡಿದರೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಅವರಿಗೆ ತಕ್ಷಣ ತಿಳಿಯುತ್ತದೆ. ಅವ್ವ ಮತ್ತು ಅಪ್ಪ ಸ್ವಿಂಡನ್‌ನ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ಲಂಡನ್ ತೋರಿಸಿದೆವು, ಸಮುದ್ರ ತೋರಿಸಿದೆವು. "ಚೆಂದಾಗದೆ" ಅಂದರು. ಆದರೆ ಮುಖದಲ್ಲಿ ಏನೋ ಕಮ್ಮಿ ಇತ್ತು. ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಕಿಟಕಿಯಿಂದ ಆಚೆ ನೋಡುತ್ತಾ ಇರುತ್ತಿದ್ದರು.

ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ನಿವೃತ್ತರಾದ ಮೇಲೆ ಮನೆ ಮಾರಿ ದೋಣಿ ಕೊಂಡಿದ್ದಾರೆ. ಗಂಡ ಹೆಂಡತಿ ಇಬ್ಬರೂ ಅದರಲ್ಲೇ ವಾಸ. ಆ ವಾರ ಅವರು ಆಕ್ಸ್‌ಫರ್ಡ್ ಕಾಲುವೆಯಿಂದ ಥೇಮ್ಸ್‌ಗೆ ಬಂದಿದ್ದರು. ಒಂದು ದಿನ ಬನ್ನಿ, ಅಪ್ಪನನ್ನೂ ಕರೆದುಕೊಂಡು ಬನ್ನಿ, ರಾತ್ರಿ ಇಲ್ಲೇ ಮಲಗಿ ಅಂದರು. ಅವ್ವ ಮೊಮ್ಮಗಳನ್ನು ಬಿಟ್ಟು ಬರಲ್ಲ ಅಂದರು. ನಾವಿಬ್ಬರೇ ಹೊರಟೆವು. ಗಾಡ್‌ಸ್ಟೋ ಅನ್ನುವ ಜಾಗದಲ್ಲಿ ಬೆಳಿಗ್ಗೆ ದೋಣಿ ಹತ್ತಿದೆವು. ಅಲ್ಲಿ ಹನ್ನೆರಡನೇ ಶತಮಾನದ ಒಂದು ಸನ್ಯಾಸಿನಿಯರ ಮಠದ ಮುರಿದ ಗೋಡೆಗಳಿವೆ. ಎರಡನೇ ಹೆನ್ರಿ ರಾಜನ ಪ್ರೇಯಸಿ ರೋಸಮಂಡ್‌ಳನ್ನು ಅಲ್ಲೇ ಮಣ್ಣು ಮಾಡಿದ್ದಂತೆ. ಅಪ್ಪ ಆ ಗೋಡೆಗಳನ್ನು ಒಂದು ಸಲ ನೋಡಿ ಸುಮ್ಮನಾದರು. ಅವರ ಗಮನ ಎಲ್ಲಾ ದೋಣಿಯ ಮೇಲೆ.

ನ್ಯಾರೋಬೋಟ್ ಅನ್ನುವ ಈ ಕಾಲುವೆ ದೋಣಿಯನ್ನು ಹತ್ತಿರದಿಂದ ನೋಡಿದವರಿಗೆ ಮೊದಲು ಅನ್ನಿಸುವುದೇ ಇದು: ಇಷ್ಟು ಉದ್ದ ಇದೆ, ಇಷ್ಟು ಕಿರಿದು ಯಾಕೆ? ಇವರ ದೋಣಿ 57 ಅಡಿ ಉದ್ದ. ಅಗಲ 7 ಅಡಿಗೂ ಎರಡು ಇಂಚು ಕಮ್ಮಿ. ಒಳಗೆ ಹೋದರೆ ರೈಲಿನ ಬೋಗಿಗೆ ಹೋದ ಹಾಗೆ. ಮೊದಲು ಕೂರುವ ಜಾಗ, ಅಲ್ಲೊಂದು ಕಬ್ಬಿಣದ ಒಲೆ, ಆಮೇಲೆ ಅಡುಗೆಮನೆ, ಬಚ್ಚಲು, ಕೊನೆಗೆ ಮಲಗುವ ಕೋಣೆ. ಒಬ್ಬರು ಆ ಕಡೆ ಹೋಗಬೇಕಾದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಮಾಡಿನ ಮೇಲೆ ಸೋಲಾರ್ ಹಲಗೆ, ಹೂವಿನ ಕುಂಡ, ಎರಡು ಸೈಕಲ್, ಒಂದು ಉದ್ದನೆಯ ಗಳ.

ಈ ಏಳು ಅಡಿಗೆ ಒಂದು ಕಥೆ ಇದೆ. ಹದಿನೆಂಟನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನುವ ಎಂಜಿನಿಯರ್ ಇಂಗ್ಲೆಂಡಿನ ಮಧ್ಯಭಾಗದಲ್ಲಿ ಕಾಲುವೆ ತೋಡಿಸಿದ. ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಸೇರಿಸುವ ಕಾಲುವೆಗೆ ಹೇರ್‌ಕ್ಯಾಸಲ್ ಅನ್ನುವ ಗುಡ್ಡ ಅಡ್ಡ ಬಂತು. ಗುಡ್ಡದ ಒಳಗೆ ಒಂದೂವರೆ ಮೈಲಿಗೂ ಜಾಸ್ತಿ ಸುರಂಗ ಕೊರೆಯಬೇಕಾಯಿತು. ಸುರಂಗ ಅಗಲ ಆದಷ್ಟೂ ಖರ್ಚು ಜಾಸ್ತಿ. ಲಾಕು ಅಗಲ ಆದಷ್ಟೂ ಪ್ರತಿ ಸಲ ಖಾಲಿಯಾಗುವ ನೀರು ಜಾಸ್ತಿ. ಏಳು ಅಡಿ ಲಾಕೊಂದರಲ್ಲೇ ಒಂದು ದೋಣಿ ದಾಟಲು ಒಂದು ಲಕ್ಷ ಲೀಟರಿನಷ್ಟು ನೀರು ಕೆಳಗೆ ಹೋಗುತ್ತದೆ. ಬೆಟ್ಟದ ಮೇಲಿನ ಕಾಲುವೆಗೆ ಅಷ್ಟು ನೀರು ಎಲ್ಲಿಂದ ತರುವುದು? ಅದಕ್ಕೇ ಏಳು ಅಡಿಗೆ ನಿಲ್ಲಿಸಿದ. ಮುಂದೆ ಕಟ್ಟಿದ ಎಷ್ಟೋ ಕಾಲುವೆಗಳು ಅದೇ ಅಳತೆ ಹಿಡಿದವು. 1790ರಲ್ಲಿ ಆಕ್ಸ್‌ಫರ್ಡ್ ತಲುಪಿದ ಕಾಲುವೆಯೂ ಅದೇ ಅಳತೆಯದು. ದೋಣಿಗಳೂ ಆ ಅಳತೆಗೇ ಹುಟ್ಟಿದವು. ಆಗ ಅವನ್ನು ದಡದಲ್ಲಿ ನಡೆಯುವ ಕುದುರೆಗಳು ಎಳೆಯುತ್ತಿದ್ದವು.

ಈ ಕಥೆಯನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಪ್ಪ ತಲೆಯಾಡಿಸಿದರು. ಸುರಂಗದೊಳಗೆ ಹರಿಯುವ ನಾಲೆ ಅವರಿಗೆ ಹೊಸದಲ್ಲ. ನಮ್ಮ ನಾಲೆಯೂ ಹುಲಿಕೆರೆ ಹತ್ತಿರ ಗುಡ್ಡದ ಒಳಗಿಂದಲೇ ಬರುತ್ತದೆ. ಆದರೆ ಸುರಂಗದಲ್ಲಿ ದೋಣಿ ಹೇಗೆ ಹೋಗುತ್ತಿತ್ತು, ಎಳೆಯುವ ಕುದುರೆ ಎಲ್ಲಿ ನಡೆಯುತ್ತಿತ್ತು ಅಂತ ಕೇಳಿದರು. ಕುದುರೆಯನ್ನು ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗುತ್ತಿದ್ದರು. ಒಳಗೆ ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲಿಂದ ತುಳಿಯುತ್ತಾ, ಇಪ್ಪತ್ತೈದು ಟನ್ ಸರಕಿನ ದೋಣಿಯನ್ನು ಕತ್ತಲಲ್ಲಿ ದೂಡುತ್ತಿದ್ದರು. ಅಪ್ಪ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. "ಪಾಪ, ಎಷ್ಟು ಕೂಲಿ ಕೊಡ್ತಿದ್ರೋ" ಅಂದರು ಆಮೇಲೆ.

ಕಿಂಗ್ಸ್ ಲಾಕಿಗೆ ವಾಪಸ್ ಬರುತ್ತೇನೆ. ಅಂದು ಅಲ್ಲಿ ಲಾಕ್ ಕೀಪರ್ ಇರಲಿಲ್ಲ. ನೀವೇ ಮಾಡಿಕೊಳ್ಳಿ ಅನ್ನುವ ಫಲಕ ಇಟ್ಟಿದ್ದರು. ಅಪ್ಪನ ಅದೃಷ್ಟ ಅನ್ನಬೇಕು. ನಾವು ನದಿಯ ಮೇಲ್ಗಡೆಗೆ ಹೋಗುವವರು. ಮೊದಲು ಕೆಳಗಿನ ಗೇಟಿನಿಂದ ದೋಣಿ ಒಳಗೆ ಬಂತು. ಎಂಜಿನ್ ಆರಿಸಿದರು. ಮುಂದೆ ಒಂದು, ಹಿಂದೆ ಒಂದು ಹಗ್ಗವನ್ನು ದಡದ ಗೂಟಕ್ಕೆ ಸುತ್ತಿ, ತುದಿಯನ್ನು ಕೈಯಲ್ಲೇ ಹಿಡಿದುಕೊಂಡೆವು. ಗಂಟು ಹಾಕಬಾರದು. ನೀರು ಏರುವಾಗ ದೋಣಿಯೂ ಏರುತ್ತದೆ, ಹಗ್ಗ ಸಡಿಲ ಆಗುತ್ತಾ ಹೋಗುತ್ತದೆ, ಅದನ್ನು ಎಳೆದುಕೊಳ್ಳುತ್ತಾ ಇರಬೇಕು. ಕೆಳಗಿನ ಗೇಟು ಮುಚ್ಚಿ, ಅದರ ತೂಬುಗಳನ್ನು ಇಳಿಸಿ, ಆಮೇಲೆ ಮೇಲಿನ ಗೇಟಿನ ತೂಬು ಎತ್ತಬೇಕು.

ಅದನ್ನು ಎತ್ತಿದ್ದು ಅಪ್ಪ. ದೋಣಿಯ ಯಜಮಾನರು ಹೇಗೆ ತಿರುಗಿಸಬೇಕು ಅಂತ ತೋರಿಸಲು ಹೋದರು, ಅಷ್ಟರಲ್ಲಿ ಅಪ್ಪನ ಕೈ ಆಗಲೇ ಅಲ್ಲಿತ್ತು. ಒಂದೇ ಸಲ ಪೂರ್ತಿ ಎತ್ತಲಿಲ್ಲ. ಕಾಲು ಭಾಗ ಎತ್ತಿ ನಿಲ್ಲಿಸಿದರು. ನೀರು ಒಳಗೆ ನುಗ್ಗಿ ಸುಳಿ ತಿರುಗಿತು. ದೋಣಿ ಸ್ವಲ್ಪ ಹಿಂದಕ್ಕೆ ಸರಿದು ಹಗ್ಗ ಬಿಗಿಯಿತು. ಅಪ್ಪ ಕಾದರು. ಸುಳಿ ಮೆತ್ತಗಾದ ಮೇಲೆ ಅರ್ಧಕ್ಕೆ ಏರಿಸಿದರು. ಮತ್ತೆ ಕಾದರು. ಯಜಮಾನರು ನನ್ನ ಕಡೆ ನೋಡಿ, ನಿಮ್ಮ ತಂದೆಗೆ ಇದನ್ನು ಯಾರು ಕಲಿಸಿದರು ಅಂತ ಕೇಳಿದರು. ಹೊಸಬರು ಯಾವಾಗಲೂ ಒಂದೇ ಏಟಿಗೆ ಪೂರ್ತಿ ತೆರೆದುಬಿಡುತ್ತಾರಂತೆ.

ಆಮೇಲಿನ ಕೆಲಸ ಕಾಯುವುದು. ಲಾಕಿನ ಒಳಗಿನ ನೀರು ಮತ್ತು ಮೇಲಿನ ನದಿಯ ನೀರು ಸಮ ಆಗುವವರೆಗೆ ಗೇಟು ತೆರೆಯುವುದಿಲ್ಲ. ಒಂದು ಗೇಣು ವ್ಯತ್ಯಾಸ ಇದ್ದರೂ ಸಾಕು, ನಾಲ್ಕು ಜನ ಸೇರಿ ತಳ್ಳಿದರೂ ಅದು ಜಗ್ಗುವುದಿಲ್ಲ. ಗೇಟಿನ ಎರಡು ರೆಕ್ಕೆ ನದಿಯ ಕಡೆಗೆ ಮೂಗು ಚಾಚಿಕೊಂಡು ಕೂಡುವ ಹಾಗೆ ಮಾಡಿದ್ದಾರೆ. ಮೇಲಿನ ನೀರು ಒತ್ತಿದಷ್ಟೂ ಅವು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ನಾನು ಗೇಟಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ಒಂದು ಸಲ ತಳ್ಳಿ ನೋಡಿದೆ. ಏನೂ ಆಗಲಿಲ್ಲ.

"ಅವಸರ ಮಾಡ್ಬ್ಯಾಡ. ಅದೇ ಹೇಳ್ತದೆ" ಅಂದರು ಅಪ್ಪ.

ಹೇಳಿತು ಕೂಡ. ಒಳಗಿನ ನೀರಿನ ಮೇಲಿದ್ದ ಗುಳ್ಳೆಗಳು ನಿಂತವು. ಎಲೆಯೊಂದು ತಿರುಗುವುದನ್ನು ಬಿಟ್ಟು ಇದ್ದಲ್ಲೇ ನಿಂತಿತು. ಬೆನ್ನಿಗೆ ಒತ್ತಿಕೊಂಡಿದ್ದ ತೊಲೆ ತಾನಾಗಿಯೇ ಒಂದು ಚೂರು ಹಿಂದಕ್ಕೆ ಸರಿಯಿತು. ಆಮೇಲೆ ಮೆಲ್ಲಗೆ ಒರಗಿದರೆ ಸಾಕಾಯಿತು. ಟನ್ನುಗಟ್ಟಲೆ ತೂಕದ ಗೇಟು, ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು.

ಆಫೀಸಿನಲ್ಲಿ ನನ್ನ ಕೆಲಸ ದಿನವಿಡೀ ತಳ್ಳುವುದು. ಇದು ಇವತ್ತೇ ಆಗಬೇಕು, ಅದು ನಾಳೆಯೊಳಗೆ ಮುಗಿಯಬೇಕು. ಎಂಟು ನಿಮಿಷ ಸುಮ್ನೆ ನಿಂತು ನೀರು ನೋಡಿದ್ದು ಯಾವಾಗ ಅಂತ ನೆನಪಿಸಿಕೊಳ್ಳಲು ನೋಡಿದೆ. ಅಪ್ಪನ ಹಿಂದೆ ನಾಲೆ ಮೇಲೆ ಹೋಗುತ್ತಿದ್ದ ದಿನಗಳೇ ನೆನಪಿಗೆ ಬಂದದ್ದು.

ಕಿಂಗ್ಸ್ ಲಾಕ್ ದಾಟಿದ ಮೇಲೆ ನದಿ ಒಂದು ದೊಡ್ಡ ಸುತ್ತು ಹೊಡೆಯುತ್ತದೆ. ಎಡಗಡೆ ವೈಟಮ್ ಕಾಡಿನ ಗುಡ್ಡ. ಬಲಗಡೆ ಹುಲ್ಲುಗಾವಲು, ಹಸುಗಳು. ಹಸುಗಳು ನೀರಿಗೆ ಇಳಿದು ಮೊಣಕಾಲವರೆಗೆ ನಿಂತು ನಮ್ಮನ್ನೇ ನೋಡುತ್ತಿದ್ದವು. ಥೇಮ್ಸ್‌ನಲ್ಲಿ ದೋಣಿಗೆ ಇರುವ ಮಿತಿ ಗಂಟೆಗೆ 8 ಕಿಲೋಮೀಟರ್. ಜೋರಾಗಿ ನಡೆಯುವ ಮನುಷ್ಯನ ವೇಗ. ನಾವು ಅದಕ್ಕೂ ನಿಧಾನ. ಮೀನು ಹಿಡಿಯಲು ಕೂತವರು, ದಡಕ್ಕೆ ಕಟ್ಟಿದ ದೋಣಿಗಳು ಬಂದರೆ ಇನ್ನೂ ನಿಧಾನ. ಅಲೆ ಎದ್ದರೆ ದಡ ಕೊರೆಯುತ್ತದೆ, ಹಕ್ಕಿಗಳ ಗೂಡು ಒದ್ದೆಯಾಗುತ್ತದೆ. ದಡದ ಕಾಲುದಾರಿಯಲ್ಲಿ ನಾಯಿ ಕರೆದುಕೊಂಡು ಹೊರಟಿದ್ದ ಹೆಂಗಸೊಬ್ಬರು ನಮಗಿಂತ ಮುಂದೆ ಹೋಗಿ ತಿರುವಿನಲ್ಲಿ ಮರೆಯಾದರು.

ಇಲ್ಲಿ ಯಜಮಾನರು ನನ್ನ ಕೈಗೆ ಚುಕ್ಕಾಣಿ ಕೊಟ್ಟರು. ದೋಣಿಯ ಹಿಂಭಾಗದಲ್ಲಿ ನಿಂತು ಹಿಡಿಯುವ ಕಬ್ಬಿಣದ ಕೋಲು ಅದು. ಅದಕ್ಕೆ ಇಂಗ್ಲಿಷಿನಲ್ಲಿ ಟಿಲ್ಲರ್ ಅನ್ನುತ್ತಾರೆ. ಅಪ್ಪನಿಗೆ ಟಿಲ್ಲರ್ ಅಂದರೆ ಗದ್ದೆ ಉಳುವ ಯಂತ್ರ. "ಇದ್ರಲ್ಲೂ ಉಳ್ತಾರಾ?" ಅಂತ ಕೇಳಿದರು. ಹಿಂದೆ ತಿರುಗಿ ನೋಡಿದರೆ ಹೌದು, ದೋಣಿ ಹೋದ ಕಡೆ ನೀರಿನಲ್ಲಿ ಎರಡು ಸಾಲು ಬಿದ್ದಿತ್ತು.

ಚುಕ್ಕಾಣಿ ಹಿಡಿಯುವುದು ನೋಡಿದಷ್ಟು ಸುಲಭ ಅಲ್ಲ. ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ತಳ್ಳಿದ ತಕ್ಷಣ ಹೋಗುವುದೂ ಇಲ್ಲ. ನಾಲ್ಕೈದು ಉಸಿರು ಬಿಡುವಷ್ಟು ಹೊತ್ತು ಏನೂ ಆಗಲಿಲ್ಲ ಅನ್ನಿಸುತ್ತದೆ. ಆಮೇಲೆ 57 ಅಡಿ ದೂರದಲ್ಲಿರುವ ಮೂತಿ ನಿಧಾನ ತಿರುಗಲು ಶುರು ಮಾಡುತ್ತದೆ. ತಿರುಗಲು ಶುರುವಾದ ಮೇಲೆ ನಿಲ್ಲಿಸುವುದು ಇನ್ನೊಂದು ಕಷ್ಟ. ಬ್ರೇಕ್ ಇಲ್ಲ. ನಾನು ಒಂದು ತಿರುವಿನಲ್ಲಿ ತಾಳ್ಮೆ ಕಳೆದುಕೊಂಡು ಕೋಲನ್ನು ಜಾಸ್ತಿ ತಳ್ಳಿಬಿಟ್ಟೆ. ದೋಣಿ ಸೀದಾ ದಡದ ಜೊಂಡಿನೊಳಗೆ ಹೋಗಿ ನಿಂತಿತು. ಜೊಂಡಿನಿಂದ ಒಂದು ಜೌಗುಕೋಳಿ ಮರಿಗಳ ಸಮೇತ ಹೊರಗೆ ಓಡಿತು. ನನಗೆ ನಿಜವಾಗಲೂ ಬೇಸರ ಆಯಿತು. ಯಜಮಾನರು ಏನೂ ಅನ್ನಲಿಲ್ಲ. ಮಾಡಿನ ಮೇಲಿದ್ದ ಗಳ ತಗೊಂಡು ದಡಕ್ಕೆ ಊರಿ ದೂಡಿದರು. ಮತ್ತೆ ಕೋಲನ್ನು ನನ್ನ ಕೈಗೇ ಕೊಟ್ಟರು. ಮುಂದಿನ ತಿರುವನ್ನು ತುಂಬಾ ಮೊದಲೇ ನೋಡಿ, ಸ್ವಲ್ಪವೇ ತಳ್ಳಿ, ಕಾದೆ. ದೋಣಿ ತಿರುಗಿತು.

ದಡದಲ್ಲಿ ಒಂದು ಕಡೆ ಗುಲಾಬಿ ಬಣ್ಣದ ಹೂವು ಹೊಳೆಯುದ್ದಕ್ಕೂ ಹಬ್ಬಿತ್ತು. ಅಪ್ಪ ಅದನ್ನು ನೋಡಿ "ಕರ್ಣಕುಂಡಲ ಅಲ್ವಾ ಇದು?" ಅಂದರು. ಅದೇ ಜಾತಿ. ಹಿಮಾಲಯದಿಂದ 1839ರಲ್ಲಿ ತೋಟದ ಹೂವು ಅಂತ ತಂದದ್ದು, ಈಗ ಇಲ್ಲಿನ ಹೊಳೆದಂಡೆಗಳಿಗೆಲ್ಲಾ ಹಬ್ಬಿ ಬೇರೆ ಗಿಡಗಳನ್ನು ಬೆಳೆಯಲು ಬಿಡುತ್ತಿಲ್ಲ. ಚಳಿಗಾಲದಲ್ಲಿ ಸತ್ತುಹೋಗುವುದರಿಂದ ದಡದ ಮಣ್ಣು ಹಿಡಿಯುವ ಬೇರೂ ಇರುವುದಿಲ್ಲ. ಜನ ಗುಂಪು ಕಟ್ಟಿಕೊಂಡು ಬಂದು ಕೀಳುತ್ತಾರೆ. ಅಪ್ಪನಿಗೆ ಅದೂ ಅರ್ಥ ಆಯಿತು. ನಾಲೆ ಏರಿ ಮೇಲೆ ಪಾರ್ಥೇನಿಯಂ ಕಿತ್ತವರು ಅವರು.

ಎನ್‌ಶಮ್ ಲಾಕಿನಲ್ಲಿ ಕೀಪರ್ ಇದ್ದರು. ಗೇಟು ಅವರೇ ನೋಡಿಕೊಂಡರು. ಅಲ್ಲೇ ದೋಣಿ ಕಟ್ಟಿ ಊಟ ಮಾಡಿದೆವು. ನಾನು ಬುತ್ತಿ ತಂದಿದ್ದೆ, ಪುಳಿಯೋಗರೆ ಮತ್ತು ಮೊಸರನ್ನ. ಯಜಮಾನರ ಹೆಂಡತಿ ಎರಡನೇ ಸಲ ಪುಳಿಯೋಗರೆ ಹಾಕಿಸಿಕೊಂಡರು. ಅವರು ನೀರು ಕೊಟ್ಟದ್ದು ಬಣ್ಣದ ಒಂದು ಕ್ಯಾನಿನಿಂದ. ಹಸಿರು ಬಣ್ಣದ ಮೇಲೆ ಕೆಂಪು ಹಳದಿ ಗುಲಾಬಿ, ಮಧ್ಯೆ ಒಂದು ಕೋಟೆಯ ಚಿತ್ರ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ನಮ್ಮ ಬಿಂದಿಗೆಯ ಹಾಗೆ ಅದಕ್ಕೂ ಒಂದು ಸಂಸಾರದ ಕಥೆ ಇದೆ. ರೈಲು ಬಂದ ಮೇಲೆ ಕಾಲುವೆಯ ಬಾಡಿಗೆ ಬಿದ್ದುಹೋಯಿತು. ದೋಣಿಯವರಿಗೆ ದಡದಲ್ಲಿ ಮನೆ ಇಟ್ಟುಕೊಳ್ಳಲು ಆಗಲಿಲ್ಲ. ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ದೋಣಿಯ ಹಿಂಭಾಗದಲ್ಲಿ ಹತ್ತಡಿ ಉದ್ದದ ಗೂಡಿನಂಥ ಕೋಣೆ. ಅಷ್ಟರಲ್ಲೇ ಅಡುಗೆ, ನಿದ್ದೆ, ಬಾಣಂತನ. ಮಕ್ಕಳಿಗೆ ಶಾಲೆ ಇಲ್ಲ. 1877ರಲ್ಲಿ ಮತ್ತು 1884ರಲ್ಲಿ ಅವರಿಗಾಗಿ ಕಾನೂನು ಬಂತು. ಅಷ್ಟು ಚಿಕ್ಕ ಜಾಗದಲ್ಲಿ ಇದ್ದವರು ಕ್ಯಾನು, ಬಾಗಿಲು, ಕುದುರೆಯ ಮೇವಿನ ಡಬ್ಬ, ಕಂಡದ್ದರ ಮೇಲೆಲ್ಲಾ ಹೂವು ಬರೆದರು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದವು. ಅಳಿದುಳಿದ ಸರಕು ಸಾಗಣೆಯೂ ಅದರೊಂದಿಗೆ ಹೆಚ್ಚು ಕಮ್ಮಿ ಮುಗಿದುಹೋಯಿತು. ಆ ಹೂವುಗಳು ಮಾತ್ರ ಉಳಿದಿವೆ. ಇವತ್ತು ಇಷ್ಟಪಟ್ಟು ದೋಣಿಯಲ್ಲಿರುವವರು ಅದನ್ನು ಅಂದಕ್ಕೆ ಬರೆಸುತ್ತಾರೆ. ಮೊದಲು ಬರೆದವರಿಗೆ ಬೇರೆ ದಾರಿ ಇರಲಿಲ್ಲ ಅನ್ನುವುದನ್ನು ನಾನು ಮರೆಯಲಾರೆ.

ಲಾಕಿನ ಪಕ್ಕದಲ್ಲೇ ಸ್ವಿನ್‌ಫರ್ಡ್ ಸೇತುವೆ. ಜೇನಿನ ಬಣ್ಣದ ಕಲ್ಲಿನ ಕಮಾನುಗಳು. 1769ರಲ್ಲಿ ತೆರೆದದ್ದು. ಅದು ಸರ್ಕಾರದ್ದಲ್ಲ, ಖಾಸಗಿ ಸೇತುವೆ. ಅಬಿಂಗ್ಡನ್‌ನ ಅರ್ಲ್ ಅನ್ನುವ ಬಿರುದಿನ ಜಮೀನುದಾರ ಕಟ್ಟಿಸುವುದಕ್ಕೆ ಸಂಸತ್ತು 1767ರಲ್ಲೇ ಕಾಯಿದೆ ಮಾಡಿ ಸುಂಕ ಎತ್ತುವ ಹಕ್ಕು ಕೊಟ್ಟಿತು. ಆ ಆದಾಯಕ್ಕೆ ತೆರಿಗೆಯೂ ಇಲ್ಲ. ಇವತ್ತಿಗೂ ಒಂದು ಕಾರಿಗೆ 5 ಪೆನ್ಸ್. ನಮ್ಮ ದುಡ್ಡಿನಲ್ಲಿ ಐದಾರು ರೂಪಾಯಿ. ಗೇಟಿನಲ್ಲಿ ನಿಂತವರು ಚಿಲ್ಲರೆ ಕೈಯಲ್ಲಿ ಇಸಿದುಕೊಳ್ಳುತ್ತಾರೆ, ಹಿಂದೆ ಕಾರುಗಳ ಸಾಲು. ಬೆಂಗಳೂರು-ಮೈಸೂರು ಹೊಸ ರಸ್ತೆಯ ಟೋಲ್ ಬಗ್ಗೆ ಮಂಡ್ಯದವರಿಗೆ ಎಷ್ಟು ಹೇಳಲಿಕ್ಕಿದೆ ಅಂತ ನಿಮಗೆ ಗೊತ್ತು. ಅಪ್ಪ ಐದು ಪೆನ್ಸಿನ ಒಂದು ನಾಣ್ಯ ಕೇಳಿ ಪಡೆದು ಜೇಬಿಗೆ ಹಾಕಿಕೊಂಡರು. ಊರಲ್ಲಿ ತೋರಿಸಲಿಕ್ಕೆ. ಸೇತುವೆ ಕೆಳಗೆ ಹೋಗುವ ನಮಗೆ ಸುಂಕ ಇರಲಿಲ್ಲ.

ಪಿಂಕ್‌ಹಿಲ್ ಲಾಕ್ 1791ರದು. ತುಂಬಾ ಚೆಂದದ ಹೂದೋಟ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆದರೆ ಅದರ ಪಕ್ಕದ ಏರಿ ಹತ್ತಿ ನೋಡಿದ್ದು ಮರೆಯಲಾಗದು. ಏರಿಯ ಆ ಕಡೆ ಫಾರ್ಮೂರ್ ಜಲಾಶಯ. ಥೇಮ್ಸ್‌ನಿಂದ ನೀರು ಎತ್ತಿ ತುಂಬಿಸುವ ದೊಡ್ಡ ಕೆರೆ. ಆಕ್ಸ್‌ಫರ್ಡಿಗೆ ಕುಡಿಯುವ ನೀರು ಇಲ್ಲಿಂದ. ನಮ್ಮ ಸ್ವಿಂಡನ್‌ಗೂ ಇಲ್ಲಿಂದ ಹೋಗುತ್ತದೆ. ಯಜಮಾನರು ಹೇಳುವವರೆಗೂ ನನಗೆ ಇದು ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅನ್ನಕ್ಕೆ ಇಡುವ ನೀರು, ಮಗಳಿಗೆ ಸ್ನಾನ ಮಾಡಿಸುವ ನೀರು ಯಾವ ಹೊಳೆಯದು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ನೀರುಗಂಟಿಯ ಮಗಳು ನಾನು. ಅಪ್ಪ ಏರಿ ಮೇಲಿಂದ ಎರಡೂ ಕಡೆ ನೋಡಿದರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕೆರೆ. "ಹಂಗಾದ್ರೆ ಒಂದು ತಿಂಗಳಿಂದ ಇದೇ ನೀರು ಕುಡೀತಾ ಇದ್ದೀನಿ ಅನ್ನು" ಅಂದರು.

ಅಲ್ಲಿಂದ ಮುಂದಿನ ಲಾಕಿಗೆ ಮೂರೂವರೆ ಮೈಲಿಗೂ ಜಾಸ್ತಿ. ನದಿ ಹಾವಿನ ಹಾಗೆ ಸುತ್ತುತ್ತದೆ, ಒಂದು ಚರ್ಚಿನ ಗೋಪುರ ಮೊದಲು ಎಡಕ್ಕೆ ಕಂಡು ಆಮೇಲೆ ಬಲಕ್ಕೆ ಕಂಡಿತು. ವಿಲೋ ಮರಗಳು ನೀರಿಗೆ ಬಾಗಿದ್ದವು. ಹುಲ್ಲಿನ ಮಧ್ಯೆ ಅಲ್ಲಲ್ಲಿ ಕಾಂಕ್ರೀಟಿನ ಚಿಕ್ಕ ಗೂಡುಗಳು. ಜರ್ಮನ್ ಸೈನ್ಯ ಬಂದರೆ ಥೇಮ್ಸ್ ದಡದಲ್ಲೇ ತಡೆಯಬೇಕು ಅಂತ 1940ರಲ್ಲಿ ಕಟ್ಟಿದ ಬಂದೂಕಿನ ಗೂಡುಗಳಂತೆ. ಈಗ ದನಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತವೆ. ಒಂದು ಮಿಂಚುಳ್ಳಿ ನಮ್ಮ ಮುಂದೆ ಮುಂದೆ ಹಾರುತ್ತಾ ಮೂರು ಕೊಂಬೆ ಬದಲಾಯಿಸಿತು. ಎಂಜಿನ್ನಿನ ಟಕಟಕ ಸದ್ದಿಗೆ ಅಪ್ಪ ಕೂತಲ್ಲೇ ತೂಕಡಿಸಿದರು. ಯಾರೂ ಮಾತಾಡಲಿಲ್ಲ. ಮಾತಾಡಬೇಕು ಅಂತಲೂ ಅನ್ನಿಸಲಿಲ್ಲ.

ನಾರ್ತ್‌ಮೂರ್ ಲಾಕ್ ಹತ್ತಿರ ನೀರು ಬೀಳುವ ಸದ್ದಿಗೆ ಅಪ್ಪನಿಗೆ ಎಚ್ಚರ ಆಯಿತು. ಕಣ್ಣು ಬಿಡುವ ಮೊದಲೇ "ಎಲ್ಲೋ ಹಲಗೆ ಮೇಲಿಂದ ನೀರು ಬೀಳ್ತಾ ಅದೆ" ಅಂದರು.

ಸರಿಯಾಗಿ ಹೇಳಿದ್ದರು. ಲಾಕಿನ ಪಕ್ಕದಲ್ಲೇ ಹೊಳೆಗೆ ಅಡ್ಡಲಾಗಿ ಒಂದು ಒಡ್ಡು. ಉಕ್ಕಿನ ಗೇಟಿನದಲ್ಲ. ಮರದ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಅವಕ್ಕೆ ಒರಗಿಸಿ ಹಲಗೆಗಳನ್ನು ಇಳಿಬಿಟ್ಟ ಒಡ್ಡು. ಒಂದೊಂದು ಹಲಗೆಗೂ ಉದ್ದನೆಯ ಹಿಡಿ. ದೊಡ್ಡ ಹುಟ್ಟುಗಳನ್ನು ನೀರಿಗೆ ನೆಟ್ಟ ಹಾಗೆ ಕಾಣುತ್ತದೆ. ಹೊಳೆಯಲ್ಲಿ ನೀರು ಜಾಸ್ತಿ ಆದರೆ ಲಾಕ್ ಕೀಪರ್ ಮೇಲಿನ ದಾರಿಯಲ್ಲಿ ನಿಂತು ಹಲಗೆಗಳನ್ನು ಒಂದೊಂದಾಗಿ ಕೈಯಿಂದ ಎಳೆದು ತೆಗೆಯಬೇಕು. ಕಮ್ಮಿ ಆದರೆ ಮತ್ತೆ ಇಳಿಸಬೇಕು. ನೂರಾರು ವರ್ಷದ ಹಿಂದೆ ಥೇಮ್ಸ್ ಮೇಲೆ ಇಂಥವೇ ಇದ್ದವು. ಲಾಕುಗಳು ಬರುವ ಮೊದಲು ದೋಣಿ ದಾಟಬೇಕಾದರೆ ಹಲಗೆ ಕಂಬ ಎರಡನ್ನೂ ತೆಗೆದು ಒಂದು ಕಂಡಿ ಮಾಡುತ್ತಿದ್ದರು. ಕೆಳಗೆ ಹೋಗುವ ದೋಣಿ ನುಗ್ಗುವ ನೀರಿನ ಜೊತೆ ಹಾರಿ ಹೋಗಬೇಕು. ಮೇಲೆ ಬರುವ ದೋಣಿಯನ್ನು ಹಗ್ಗ ಕಟ್ಟಿ ಪ್ರವಾಹದ ಎದುರು ಎಳೆಯಬೇಕು. ದೋಣಿ ಮುಳುಗುತ್ತಿದ್ದವು, ಜನ ಸಾಯುತ್ತಿದ್ದರು. ಇಂಥ ಒಡ್ಡುಗಳು ಈಗ ಥೇಮ್ಸ್‌ನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ.

ಲಾಕ್ ಕೀಪರ್ ಮಧ್ಯವಯಸ್ಸಿನ ಹೆಂಗಸು. ಅಪ್ಪ ಅವರ ಹತ್ತಿರ ಹೋಗಿ ನಿಂತು, ಒಡ್ಡಿನ ಕಡೆ ಕೈ ತೋರಿಸಿ, ಹಲಗೆ ಎತ್ತುವ ಹಾಗೆ ಎರಡೂ ಕೈಯಲ್ಲಿ ಮಾಡಿ ತೋರಿಸಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ನಾನು ಅನುವಾದ ಮಾಡಲು ಓಡಿದೆ. ಬೇಕಾಗಲಿಲ್ಲ. ಆಕೆ ತಮ್ಮ ಎರಡೂ ಅಂಗೈ ಬಿಚ್ಚಿ ತೋರಿಸಿದರು. ಬೆರಳುಗಳ ಬುಡದಲ್ಲಿ ದಪ್ಪ ಚರ್ಮ, ಹಳದಿಗಟ್ಟಿದ ಜಡ್ಡು. ಅಪ್ಪನೂ ತಮ್ಮ ಅಂಗೈ ಬಿಚ್ಚಿದರು. ಕೆಲಸ ಬಿಟ್ಟು ಎಂಟು ವರ್ಷ ಆಗಿದ್ದರೂ ಅದೇ ಜಾಗದಲ್ಲಿ ಅವರ ಜಡ್ಡು ಇನ್ನೂ ಇತ್ತು. ನಾನು ಆ ಕೈ ಹಿಡಿದು ಬೆಳೆದವಳು. ಆ ಜಡ್ಡು ಎಲ್ಲಿಂದ ಬಂತು ಅಂತ ಅವತ್ತು ನೋಡಿದೆ.

ಆಮೇಲೆ ಆಕೆ ಗೋಡೆಯ ಮೇಲಿನ ಅಳತೆ ಪಟ್ಟಿ ತೋರಿಸಿದರು. ಹೊಳೆ ಏರಿದಾಗ ಗೇಟಿಗೆ ಹಾಕುವ ಫಲಕಗಳನ್ನೂ ತಂದು ತೋರಿಸಿದರು. ಪ್ರವಾಹ ಜೋರಾಗಿದ್ದರೆ ಕೆಂಪು ಫಲಕ, ಆಗ ಯಾವ ದೋಣಿಯೂ ಹೊರಡಬಾರದು. ನೀರು ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಹಳದಿ. ಅಪ್ಪನಿಗೆ ಒಂದು ಪ್ರಶ್ನೆ ಇತ್ತು, ಅದನ್ನು ನಾನು ಕೇಳಿದೆ: ರಾತ್ರಿ ಮಳೆ ಬಂದು ನೀರು ಏರಿದರೆ? ಎದ್ದು ಬರುತ್ತೇನೆ, ಅಂದರು ಆಕೆ. ಅಪ್ಪ ಅನುವಾದಕ್ಕೆ ಕಾಯಲಿಲ್ಲ. ತಲೆಯಾಡಿಸಿದರು.

ನ್ಯೂಬ್ರಿಜ್ ತಲುಪಿದಾಗ ಸಂಜೆ ಆರು. ಹೆಸರು ಹೊಸ ಸೇತುವೆ, ಆದರೆ ಥೇಮ್ಸ್ ಮೇಲಿನ ತುಂಬಾ ಹಳೆಯ ಸೇತುವೆಗಳಲ್ಲಿ ಇದೂ ಒಂದು, ಮಧ್ಯಯುಗದ್ದು. ಒಂದು ದಡದಲ್ಲಿ ಒಂದು ಪಬ್, ಇನ್ನೊಂದು ದಡದಲ್ಲಿ ಇನ್ನೊಂದು. ವಿಂಡ್‌ರಶ್ ನದಿ ಇಲ್ಲೇ ಬಂದು ಥೇಮ್ಸ್ ಸೇರುತ್ತದೆ. ಆ ಚಿಕ್ಕ ನದಿಗೆ ಕೊಳಚೆ ನೀರು ಬಿಡುವುದರ ವಿರುದ್ಧ ಅಲ್ಲಿನ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಎರಡು ನೀರು ಸೇರುವ ಜಾಗದಲ್ಲಿ ನಿಂತು ನೋಡಿದೆವು. ವಿಂಡ್‌ರಶ್ ಕಡೆಯ ನೀರು ಸ್ವಲ್ಪ ಮಂಕಾಗಿತ್ತು. ಅಪ್ಪ ಬಗ್ಗಿ ಕೈಯಲ್ಲಿ ತಗೊಂಡು ಮೂಸಿ ನೋಡಿ ಬಿಟ್ಟರು. ಇಷ್ಟು ಶ್ರೀಮಂತ ದೇಶದಲ್ಲಿ ಹೊಳೆಗೆ ಯಾಕೆ ಹೀಗೆ ಮಾಡುತ್ತಾರೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಿಗ್ಗೆಯಿಂದ ನಾವು ಬಂದದ್ದು ಹದಿನೇಳು ಹದಿನೆಂಟು ಕಿಲೋಮೀಟರ್. ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಮೈ ಕೈ ನೋಯುತ್ತಿತ್ತು, ಮುಖ ಬಿಸಿಲಿಗೆ ಕಾದಿತ್ತು. ಹಗ್ಗ ಎಳೆದು ಅಂಗೈ ಕೆಂಪಾಗಿತ್ತು. ಯಜಮಾನರು ದಡಕ್ಕೆ ಕಬ್ಬಿಣದ ಗೂಟ ಹೊಡೆದು ದೋಣಿ ಕಟ್ಟಿದರು. ಹಗ್ಗ ಸ್ವಲ್ಪ ಸಡಿಲ ಬಿಡಬೇಕು, ರಾತ್ರಿ ನೀರು ಏರಿ ಇಳಿದರೆ ದೋಣಿ ಒಂದು ಕಡೆಗೆ ವಾಲಬಾರದು ಅಂದರು. ನಾನು ಅನುವಾದ ಮಾಡುವಷ್ಟರಲ್ಲಿ ಅಪ್ಪ ದಡದಲ್ಲಿ ಏನೋ ಹುಡುಕುತ್ತಿದ್ದರು. ವಿಲೋ ಮರದ ಒಂದು ಒಣಕಡ್ಡಿ ಸಿಕ್ಕಿತು. ನೀರಿನ ಅಂಚಿಗೆ ಸರಿಯಾಗಿ ಅದನ್ನು ಮಣ್ಣಿಗೆ ಚುಚ್ಚಿದರು. ಕೈ ತೊಳೆದುಕೊಂಡು ಒಳಗೆ ಬಂದರು.

ಆ ಕಡ್ಡಿ ಯಾಕೆ ಅಂತ ದೋಣಿಯವರು ಕೇಳಲಿಲ್ಲ. ನನಗೆ ಗೊತ್ತಿತ್ತು. ಊರಲ್ಲಿ ತೂಬು ತೆರೆದು ಮನೆಗೆ ಬರುವ ಮೊದಲು ಹೀಗೇ ಒಂದು ಕಡ್ಡಿ ಚುಚ್ಚಿ ಬರುತ್ತಿದ್ದರು.

ಒಂಬತ್ತು ಗಂಟೆಯಾದರೂ ಬೆಳಕಿತ್ತು. ದಡದಲ್ಲಿ ಬೂದು ಬಕವೊಂದು ಒಂಟಿ ಕಾಲಲ್ಲಿ ನಿಂತಿತ್ತು. ದೋಣಿಯ ತಳಕ್ಕೆ ನೀರು ಬಡಿಯುವ ಸಣ್ಣ ಸದ್ದು ಕೇಳುತ್ತಾ ನನಗೆ ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ.

ಬೆಳಿಗ್ಗೆ ಐದೂವರೆಗೆ ಎಚ್ಚರ ಆದಾಗ ಅಪ್ಪನ ಹಾಸಿಗೆ ಖಾಲಿ ಇತ್ತು. ಕಿಟಕಿಯಿಂದ ನೋಡಿದೆ. ಹೊಳೆಯ ಮೇಲೆ ಮಂಜು. ಅಪ್ಪ ಸ್ವೆಟರ್ ಮೇಲೆ ಟವೆಲ್ ಹೊದ್ದುಕೊಂಡು, ಕಡ್ಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಚಪ್ಪಲಿ ಹಾಕಿಕೊಂಡು ಇಳಿದು ಹೋದೆ.

"ಒಂದು ಬೆರಳು ಇಳಿದದೆ" ಅಂದರು.